ಮೊದಲೇ ಮುಗಿಸಿ ಕೂತ ಮಗುವಿಗೂ ಪಾಠ ಬೇಕು: ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕ, ಶಿಕ್ಷಕಿಯರೇ,



ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ನೀವು ಏಳು ವರ್ಷ ಕಲಿಸಿದ ಮಕ್ಕಳನ್ನು ಎಂಟನೆಯ ತರಗತಿಯಲ್ಲಿ ಬರಮಾಡಿಕೊಳ್ಳುವವರು ನಾವು. ಒಬ್ಬೊಬ್ಬರೇ ಎರಡು ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್‌ನಲ್ಲಿ ಮಾಹಿತಿ ತುಂಬಿ, ಸಮೀಕ್ಷೆಗೂ ಚುನಾವಣೆಗೂ ಹೋಗಿಬಂದು ನೀವು ಪಾಠ ಮಾಡುತ್ತೀರಿ. ಅಕ್ಷರ ಕೂಡಿಸಿ ಓದಲು ತಡವರಿಸುವ ಮಗುವನ್ನು ದಡ ಸೇರಿಸಲು ನೀವು ಪಡುವ ಪಾಡು ನನಗೆ ಗೊತ್ತು. ಈ ಪತ್ರ ಬರೆಯುತ್ತಿರುವುದು ಅದೇ ತರಗತಿಯ ಇನ್ನೊಂದು ಮಗುವಿನ ಬಗ್ಗೆ. ಕಪ್ಪುಹಲಗೆಯ ಮೇಲಿನ ಐದು ಲೆಕ್ಕಗಳನ್ನು ಎಲ್ಲರಿಗಿಂತ ಮೊದಲು ಮಾಡಿ, ತೋರಿಸಿ, ರೈಟ್ ಹಾಕಿಸಿಕೊಂಡು, ಉಳಿದ ಅರ್ಧ ಗಂಟೆ ಸುಮ್ಮನೆ ಕೂರುವ ಮಗುವಿನ ಬಗ್ಗೆ.

ಅಂಥ ಮಗುವಿಗೆ ಸರ್ಕಾರ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಬರುವ ಹೆಸರುಗಳು ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ. ಐದರಲ್ಲಿದ್ದಾಗ ಪರೀಕ್ಷೆ ಬರೆಸು, ಪಾಸಾದರೆ ಆರಕ್ಕೆ ಅಲ್ಲಿಗೆ ಕಳಿಸು. ಈ ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಎಷ್ಟೋ ಬಡವರ ಮನೆಗಳಲ್ಲಿ ಮೊದಲ ಎಂಜಿನಿಯರು, ಮೊದಲ ಡಾಕ್ಟರು ಹುಟ್ಟಿದ್ದು ಇವುಗಳಿಂದಲೇ. ಆದರೆ ಲೆಕ್ಕ ಹಾಕಿ ನೋಡಿ. ಒಂದು ನವೋದಯದ ಆರನೆಯ ತರಗತಿಗೆ ವರ್ಷಕ್ಕೆ ಸೇರುವವರು ಹೆಚ್ಚೆಂದರೆ 80 ಮಕ್ಕಳು. ಸಾಮಾನ್ಯವಾಗಿ ಜಿಲ್ಲೆಗೊಂದು ನವೋದಯ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ನೂರು ಪ್ರಾಥಮಿಕ ಶಾಲೆಗಳಿವೆಯೋ ನಿಮಗೇ ಗೊತ್ತು. ಹತ್ತು ವರ್ಷದ ಮಗು ಎರಡು ಗಂಟೆಯಲ್ಲಿ 80 ಪ್ರಶ್ನೆಗಳಿಗೆ ಉತ್ತರ ಗುರುತಿಸುತ್ತದೆ. ಆ ದಿನ ಜ್ವರ ಬಂದಿದ್ದರೆ, ಅಪ್ಪನಿಗೆ ಅರ್ಜಿ ತುಂಬಲು ಆಗದೇ ಹೋಗಿದ್ದರೆ, ಅಲ್ಲಿಗೆ ಮುಗಿಯಿತು. ಈಗಂತೂ ಈ ಪರೀಕ್ಷೆಗಳಿಗಾಗಿಯೇ ಕೋಚಿಂಗ್ ಶಾಲೆಗಳು ಎದ್ದಿವೆ. ವಿಜಯಪುರ, ಧಾರವಾಡದ ಕಡೆ ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ನವೋದಯ, ಸೈನಿಕ, ಮೊರಾರ್ಜಿ ತರಬೇತಿಯ ಬೋರ್ಡುಗಳು. ಫೀಸು ಕಟ್ಟಬಲ್ಲವರ ಮಗು ವರ್ಷವಿಡೀ ಅದೇ ಪ್ರಶ್ನೆಗಳನ್ನು ತಿದ್ದಿ ತೀಡಿ ಪರೀಕ್ಷೆಗೆ ಬರುತ್ತದೆ. ಪಕ್ಕದ ಬೆಂಚಿನಲ್ಲಿ ನಿಮ್ಮ ಶಾಲೆಯ ಮಗು ಅಂಥ ಪ್ರಶ್ನೆಯನ್ನು ಮೊದಲ ಸಲ ನೋಡುತ್ತಾ ಕೂತಿರುತ್ತದೆ.

1930ರ ದಶಕದಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಎಚ್. ನರಸಿಂಹಯ್ಯ ಎಂಬ ಬಡ ಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದ. ಮುಂದೆ ಭೌತಶಾಸ್ತ್ರಜ್ಞನಾದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ನಾವು ಆ ಕತೆಯನ್ನು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ, ಹೇಳಲೇಬೇಕು. ಆದರೆ ಊರು ಬಿಟ್ಟರೆ ಮಾತ್ರ ಬುದ್ಧಿಗೆ ತಕ್ಕ ಓದು ಸಿಗುತ್ತದೆ ಎಂಬ ಪರಿಸ್ಥಿತಿ ಇಷ್ಟು ವರ್ಷಗಳಾದರೂ ಪೂರ್ತಿ ಬದಲಾಗಿಲ್ಲ. ಆರಿಸಿ ಹೊರಗೆ ಕಳಿಸುವುದನ್ನೇ ಪ್ರತಿಭಾವಂತರ ಶಿಕ್ಷಣ ಅಂದುಕೊಂಡಿದ್ದೇವೆ. ಉಳಿದುಕೊಂಡ ಮಗುವಿಗೆ ನಾಳೆ ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಏನು ಕೊಡುತ್ತೇವೆ? ನನಗೆ ಮುಖ್ಯವಾಗಿ ಕಾಣುವುದು ಈ ಪ್ರಶ್ನೆ.

ಕಾನೂನು ಈ ಮಗುವನ್ನು ಮರೆತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ಕೊಡಬೇಕು. ಪ್ರತಿ ಮಗುವಿನ ಎಂದಿದೆ. 29ನೆಯ ಕಲಮಿನಲ್ಲಿ ಮಗುವಿನ ಜ್ಞಾನ, ಅಂತಃಶಕ್ತಿ, ಪ್ರತಿಭೆಗಳನ್ನು ಬೆಳೆಸುವುದು ಪಠ್ಯಕ್ರಮದ ಹೊಣೆ ಎಂದಿದೆ. ನಾವು ಹೆಚ್ಚುವರಿ ಬೋಧನೆ ಅಂದ ಕೂಡಲೇ ಪರಿಹಾರ ಬೋಧನೆ ಎಂದಷ್ಟೇ ಓದಿಕೊಂಡೆವು. ಕಲಿಕಾ ಚೇತರಿಕೆ, ಮರುಸಿಂಚನ ಎಲ್ಲವೂ ಹಿಂದೆ ಬಿದ್ದವರನ್ನು ಎತ್ತುವುದಕ್ಕೆ ಬಂದ ಕಾರ್ಯಕ್ರಮಗಳು. ಅವು ಬೇಕು, ಇನ್ನೂ ಹೆಚ್ಚು ಬೇಕು. ಮುಂದೆ ಓಡುವ ಮಗುವಿನ ಹೆಸರಿನಲ್ಲಿ ಒಂದು ಕಾಲಂ ಕೂಡ ನಮ್ಮ ಕ್ರಿಯಾಯೋಜನೆಯಲ್ಲಿ ಇಲ್ಲ ಎಂಬುದೇ ನನ್ನ ಸಂಕಟ.

ಹೆಚ್ಚು ಬೇಸರದ ಸಂಗತಿ ಏನೆಂದರೆ, ಇದಕ್ಕೆ ಉತ್ತರ ನಿಮ್ಮ ಶಾಲೆಯ ಮೊದಲ ಕೋಣೆಯಲ್ಲೇ ಇದೆ. ನಲಿಕಲಿ ಕೋಣೆಗೆ ಹೋಗಿ ನಿಂತು ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ, ಪ್ರತಿ ಮಗುವಿಗೂ ತನ್ನ ಮೈಲುಗಲ್ಲು ಯಾವುದು, ಮೆಟ್ಟಿಲು ಯಾವುದು ಎಂದು ಗೊತ್ತು. ಎರಡನೆಯ ತರಗತಿಯ ಹುಡುಗಿ ತನ್ನ ಕಾರ್ಡು ಮುಗಿಸಿದರೆ ಯಾರಿಗೂ ಕಾಯದೆ ಟ್ರೇಯಿಂದ ಮುಂದಿನ ಕಾರ್ಡು ತೆಗೆದುಕೊಳ್ಳುತ್ತಾಳೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ತಟ್ಟೆಯಲ್ಲಿ, ತಾನೇ ಕಲಿಯಬಲ್ಲವರು ಸ್ವಕಲಿಕೆಯ ತಟ್ಟೆಯಲ್ಲಿ. ಹತ್ತು ದಿನ ಗೈರಾದ ಮಗುವಿಗೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಶುರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು ಕಟ್ಟಿದ ಪದ್ಧತಿ ಇದು. 2009-10ರಿಂದ ರಾಜ್ಯದ ತುಂಬ ಹರಡಿತು. ಪದ್ಧತಿಯಲ್ಲಿ ಕೊರತೆಗಳಿವೆ, ಕಾರ್ಡು ಹರಿದಿರುತ್ತವೆ, ದಾಖಲೆ ಬರೆಯುವುದೇ ಹೆಚ್ಚಾಗುತ್ತದೆ ಎಂದು ನೀವು ಹೇಳುವುದನ್ನು ನಾನೂ ಕೇಳಿದ್ದೇನೆ. ಆದರೂ ಮಗು ತನ್ನ ವೇಗದಲ್ಲಿ ಹೋಗಬಹುದು ಎಂಬ ದೊಡ್ಡ ಮಾತನ್ನು ನಮ್ಮ ಸರ್ಕಾರಿ ಶಾಲೆಗಳು ಅಂದೇ ಒಪ್ಪಿಕೊಂಡಿದ್ದವು.

ಮೂರನೆಯ ತರಗತಿ ಮುಗಿದ ದಿನ ಆ ಒಪ್ಪಂದವೂ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ, ಒಂದೇ ಲೆಕ್ಕ, ಒಂದೇ ಹೊತ್ತು. ಏಣಿ ಹತ್ತುತ್ತಿದ್ದ ಮಗುವಿಗೆ ಈಗ ಕೂತುಕೋ ಎನ್ನುತ್ತೇವೆ. ಮೊದಲು ಮುಗಿಸಿದವರಿಗೆ ನಮ್ಮಲ್ಲಿ ಸಿಗುವ ಕೆಲಸಗಳು ನಿಮಗೆ ಗೊತ್ತಿರುವವೇ: ಇನ್ನೊಂದು ಸಲ ಬರಿ, ಉಳಿದವರ ನೋಟ್‌ಬುಕ್ ನೋಡು, ಒಂದನೇ ಕ್ಲಾಸಿನ ಮಕ್ಕಳು ಗಲಾಟೆ ಮಾಡದಂತೆ ನೋಡಿಕೋ, ಅಡುಗೆಯವರಿಗೆ ಇವತ್ತಿನ ಹಾಜರಿ ಹೇಳಿ ಬಾ. ಗೆಳತಿಗೆ ಹೇಳಿಕೊಡುವುದು ಒಳ್ಳೆಯದೇ, ಹೇಳಿಕೊಡುವವರೂ ಕಲಿಯುತ್ತಾರೆ. ಆದರೆ ದಿನಾಲೂ ಅದೇ ಆದರೆ ಆ ಮಗು ನಾಲ್ಕು ವರ್ಷ ಹೊಸದೇನನ್ನೂ ಕಲಿಯದೆ ಶಾಲೆಗೆ ಬಂದು ಹೋದಂತಾಗುತ್ತದೆ.

ನಾಲ್ಕು ವರ್ಷ ಹಾಗೆ ಕಾದ ಮಗು ಎಂಟನೆಯ ತರಗತಿಯಲ್ಲಿ ನಮಗೆ ಸಿಗುತ್ತದೆ. ಕಷ್ಟದ ಲೆಕ್ಕ ಕೊಟ್ಟರೆ ಎರಡು ನಿಮಿಷದಲ್ಲಿ ಪೆನ್ನು ಕೆಳಗಿಡುತ್ತದೆ. ತಾನು ಜಾಣೆ ಅಂದರೆ ತಕ್ಷಣ ಉತ್ತರ ಬರಬೇಕು ಎಂದು ಅದು ಕಲಿತಿದೆ. ಉತ್ತರ ಬಾರದ ಲೆಕ್ಕದ ಮುಂದೆ ಕೂರುವ ಅಭ್ಯಾಸವೇ ಇಲ್ಲ. ಕೆಲವರು ತುಂಟರಾಗಿರುತ್ತಾರೆ, ಕೆಲವರು ಮಾತೇ ಬಿಟ್ಟಿರುತ್ತಾರೆ. ಹುಡುಗಿಯರಲ್ಲಿ ಎರಡನೆಯದೇ ಹೆಚ್ಚು.

ಅಂಥ ಒಬ್ಬಳು ನಮ್ಮ ಶಾಲೆಯಲ್ಲಿದ್ದಳು. ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ಬಿಡದ ಹುಡುಗಿ. ವರ್ಗಗಳು ಮತ್ತು ವರ್ಗಮೂಲಗಳ ಪಾಠ ನಡೆಯುತ್ತಿತ್ತು. ಬೆಸ ಸಂಖ್ಯೆಗಳನ್ನು ಒಂದರಿಂದ ಕೂಡಿಸುತ್ತಾ ಹೋದರೆ ವರ್ಗಸಂಖ್ಯೆ ಸಿಗುತ್ತದೆ ಎಂದು ಹಲಗೆಯ ಮೇಲೆ ಬರೆದು, ಮನೆಯಂಗಳದ ಚುಕ್ಕಿ ರಂಗೋಲಿಯಲ್ಲಿ ಇಂಥದ್ದೇನಾದರೂ ಇದೆಯೇ ನೋಡಿಬನ್ನಿ ಎಂದೆ. ಮರುದಿನ ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆ ತೋರಿಸಿದಳು. ಏಳರಿಂದ ಒಂದರವರೆಗಿನ ನೇರ ಚುಕ್ಕಿ: ಸಾಲುಗಳಲ್ಲಿ 1, 3, 5, 7, 5, 3, 1. ಒಟ್ಟು 25. ಅಷ್ಟು ಬೇರೆಯವರೂ ಎಣಿಸಿ ತಂದಿದ್ದರು. ಇವಳು ಚುಕ್ಕಿಗಳನ್ನು ಒಂದು ಬಿಟ್ಟು ಒಂದಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಪುಸ್ತಕವನ್ನು ಓರೆಯಾಗಿ ಹಿಡಿದು, “ಮಿಸ್, ಇದ್ರಲ್ಲಿ ಎರಡು ಚೌಕ ಇದಾವೆ” ಎಂದಳು. ನಾಲ್ಕು ನಾಲ್ಕಲಿ ಹದಿನಾರು ಕಪ್ಪು ಚುಕ್ಕಿ, ನಡುವೆ ಮೂರು ಮೂರಲಿ ಒಂಬತ್ತು ಕೆಂಪು ಚುಕ್ಕಿ. ಐದರ ರಂಗೋಲಿಗೆ 9 ಮತ್ತು 4, ಒಟ್ಟು 13. ಒಂಬತ್ತರದ್ದಕ್ಕೆ 25 ಮತ್ತು 16, ಒಟ್ಟು 41. ಯಾವ ಚುಕ್ಕಿ ರಂಗೋಲಿ ಹೇಳಿದರೂ ಎಣಿಸದೆ ಒಟ್ಟು ಹೇಳುತ್ತೇನೆ ಎಂದಳು, ಹೇಳಿದಳು.

ಸಂದು ಚುಕ್ಕಿಯದ್ದು ಹೇಗೆ ಎಂದು ಕೇಳಿದೆ. ಐದರಿಂದ ಮೂರಕ್ಕೆ ಇಳಿಯುವ ಸಂದು ಚುಕ್ಕಿಯಲ್ಲಿ 19, ಏಳರಿಂದ ನಾಲ್ಕಕ್ಕೆ ಇಳಿಯುವುದರಲ್ಲಿ 37. ಇಲ್ಲಿ ಚೌಕ ಸಿಗುವುದಿಲ್ಲ. ಅವಳಿಗೆ ತಕ್ಷಣ ಬರಲಿಲ್ಲ. ವಾರದ ಮೇಲೆ, ಊಟದ ಬಿಡುವಿನಲ್ಲಿ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು: ನಡುವಿನದೊಂದು, ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು, ಆಮೇಲೆ ಹದಿನೆಂಟು. ಆ ವಾರ ಪೂರ್ತಿ ಅವಳು ಉತ್ತರ ಬಾರದ ಲೆಕ್ಕವನ್ನು ಹೊತ್ತುಕೊಂಡು ತಿರುಗಿದ್ದಳಲ್ಲ, ಅವಳಿಗೆ ಬೇಕಾಗಿದ್ದ ಶಿಕ್ಷಣ ಅದೇ. ಅದಕ್ಕೆ ಬೇಕಾದದ್ದೆಲ್ಲ ಐದನೆಯ ತರಗತಿಯ ಮಗುವಿನ ಬಳಿಯೂ ಇರುತ್ತದೆ. ಪ್ರಯೋಗಾಲಯ ಬೇಡ, ಸ್ಮಾರ್ಟ್ ಕ್ಲಾಸ್ ಬೇಡ, ಅನುದಾನ ಬೇಡ.

ಪಠ್ಯಪುಸ್ತಕದ ಲೆಕ್ಕವನ್ನೇ ಒಂದು ಹೆಜ್ಜೆ ಮುಂದೆ ಒಯ್ಯುವುದು ನಿಮ್ಮ ಕೈಯಲ್ಲಿದೆ. ಎಲ್ಲರೂ 12ರ ಅಪವರ್ತನಗಳನ್ನು ಬರೆಯುತ್ತಿದ್ದಾರೆ ಅಂದುಕೊಳ್ಳಿ. ಮುಗಿಸಿದವರಿಗೆ ಹೇಳಿ: 1ರಿಂದ 50ರವರೆಗೆ ಯಾವ ಸಂಖ್ಯೆಗಳಿಗೆ ಅಪವರ್ತನಗಳು ಬೆಸ ಸಂಖ್ಯೆಯಲ್ಲಿವೆ ಹುಡುಕು. 1, 4, 9, 16, 25, 36, 49 ಸಿಕ್ಕ ಮೇಲೆ, ಇವೇ ಏಕೆ ಎಂದು ಕೇಳಿ. ಮೊದಲನೆಯದಕ್ಕೆ ಒಂದು ಪಿರಿಯಡ್ ಬೇಕು, ಎರಡನೆಯದಕ್ಕೆ ಎರಡು ದಿನವೂ ಆಗಬಹುದು. ನಾಲ್ಕಂಕಿಯ ವ್ಯವಕಲನ ಮಾಡಿಸುವಾಗ ಡಿ.ಆರ್. ಕಾಪ್ರೇಕರ್ ಅವರ ಆಟ ಕೊಡಿ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಅವರು ನಮ್ಮಂತೆಯೇ ಶಾಲಾ ಮೇಷ್ಟ್ರಾಗಿದ್ದರು. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತಾ ಹೋಗಬೇಕು. 3524 ತಗೊಳ್ಳಿ. 5432ರಲ್ಲಿ 2345 ಕಳೆದರೆ 3087. 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಆಮೇಲೆ ಎಷ್ಟು ಸಲ ಕಳೆದರೂ 6174ರಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತದೆ. ದಶಕ ಎರವಲು ಪಡೆಯಲು ಇನ್ನೂ ಕಲಿಯುತ್ತಿರುವ ಮಗುವಿಗೆ ಇದರಲ್ಲಿ ವ್ಯವಕಲನದ ಅಭ್ಯಾಸ, ಮುಂದಿರುವ ಮಗುವಿಗೆ ಮೂರಂಕಿಯಲ್ಲಿ ಏನಾಗುತ್ತದೆ ಎಂಬ ಹುಡುಕಾಟ. ಲೆಕ್ಕ ಒಂದೇ, ಯಾರು ಎಷ್ಟು ಆಳಕ್ಕೆ ಇಳಿಯುತ್ತಾರೋ ಅಷ್ಟು. ಹಾಗಾಗಿ ಇದಕ್ಕೆ ನೀವು ಬೇರೆ ಪಾಠ ಯೋಜನೆ ಬರೆಯಬೇಕಾಗಿಲ್ಲ, ಯಾವ ಮಗುವಿಗೂ ಹಣೆಪಟ್ಟಿ ಹಚ್ಚಬೇಕಾಗಿಲ್ಲ. ಹಚ್ಚಲೂ ಬಾರದು.

ಗಣಿತ ನನ್ನ ವಿಷಯವಾದ್ದರಿಂದ ಅದನ್ನೇ ಹೆಚ್ಚು ಹೇಳಿದೆ. ಕನ್ನಡದಲ್ಲಿ ಚೆನ್ನಾಗಿ ಬರೆಯುವ ಮಗುವಿಗೆ ತನ್ನೂರಿನ ಹೊಲಗಳ ಹೆಸರು, ಮಳೆಯ ಬಗೆಗಳು, ಅಜ್ಜಿಯ ಬಾಯಲ್ಲಿರುವ ಒಗಟುಗಳನ್ನು ಕೂಡಿಹಾಕಿ ಪುಟ್ಟ ಪುಸ್ತಕ ಮಾಡು ಎನ್ನಬಹುದು. ಓದಿನ ಹಸಿವಿರುವ ಮಗುವನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ನೀವೇ ಒಂದು ಸಲ ಕರೆದುಕೊಂಡು ಹೋಗಿ ಸದಸ್ಯತ್ವ ಮಾಡಿಸಿ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯಿಂದ ಮಕ್ಕಳ ಆಲೋಚನೆ ಕಳಿಸುವಾಗ ಅಂತರ್ಜಾಲದ ಮಾದರಿಯನ್ನು ಇಳಿಸಿ ಕಳಿಸಬೇಡಿ. ಆಯ್ಕೆಯಾದ ಮಗುವಿಗೆ 10,000 ರೂಪಾಯಿ ಬರುತ್ತದೆ, ಅದು ಮಗುವಿನದ್ದೇ ಆಲೋಚನೆಗೆ ಬರಬೇಕು.

ಯಾರು ಪ್ರತಿಭಾವಂತರು ಎಂದು ಗುರುತಿಸುವಾಗ ಅಂಕಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಲಂಬಾಣಿ ತಾಂಡಾದ ಮಗು ಮನೆಯಲ್ಲಿ ಬೇರೆ ಮಾತಾಡುತ್ತದೆ. ಪುಸ್ತಕದ ಕನ್ನಡ ಅದಕ್ಕೆ ಎರಡನೆಯ ಭಾಷೆ. ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಹುಡುಗ ವರದಿಯಲ್ಲಿ ಸಿ ಗುಂಪಿನಲ್ಲಿರುತ್ತಾನೆ. ಅವನೇ ಕೂಲಿಯ ಟನ್ನು, ಮುಂಗಡ, ಕಡಿತ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುತ್ತಿರಬಹುದು. ಓದಲು ತಡವರಿಸುವವನು ಮನೆಯಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರ್ ಬಿಚ್ಚಿ ಜೋಡಿಸುತ್ತಿರಬಹುದು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯವರು ನಮ್ಮ ದೇಶದ ಪ್ರತಿಭಾವಂತ ಮಕ್ಕಳ ಬಗ್ಗೆ ಕೆಲಸ ಮಾಡುವಾಗ ಶಿಕ್ಷಕರ, ಹೆತ್ತವರ ಅವಲೋಕನಕ್ಕೆ ಬೆಲೆ ಕೊಟ್ಟರು. ಎರಡು ಗಂಟೆಯ ಪರೀಕ್ಷೆ ಕಾಣದ್ದನ್ನು ವರ್ಷವಿಡೀ ಮಗುವಿನ ಜೊತೆ ಇರುವ ನೀವು ಕಾಣುತ್ತೀರಿ. ಅಸಂಬದ್ಧವೆನಿಸುವ ಪ್ರಶ್ನೆ ಕೇಳುವವರು, ಹೇಳಿಕೊಟ್ಟ ವಿಧಾನ ಬಿಟ್ಟು ತಮ್ಮದೇ ದಾರಿಯಲ್ಲಿ ಉತ್ತರ ತರುವವರು, ಒಂದೇ ವಿಷಯಕ್ಕೆ ಅಂಟಿಕೊಂಡು ಉಳಿದದ್ದರಲ್ಲಿ ಹಿಂದೆ ಬಿದ್ದವರು, ಇವರ ಹೆಸರನ್ನು ಡೈರಿಯಲ್ಲಿ ಬರೆದುಕೊಳ್ಳಿ.

ಎಲ್ಲ ಮಕ್ಕಳೂ ಸಮಾನರು, ಜಾಣರಿಗೆ ಮತ್ತೇಕೆ ಹೆಚ್ಚಿನದು, ಅವರು ಹೇಗಾದರೂ ಬದುಕಿಕೊಳ್ಳುತ್ತಾರೆ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಆ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಅದು ನಿಜವಲ್ಲ. ದುಡ್ಡಿರುವವರ ಮಗು ಬದುಕಿಕೊಳ್ಳುತ್ತದೆ. ಅದಕ್ಕೆ ಅಬಾಕಸ್ ಕ್ಲಾಸಿದೆ, ಒಲಿಂಪಿಯಾಡ್ ಪುಸ್ತಕವಿದೆ, ಮನೆಯಲ್ಲಿ ಓದಿದ ಅಪ್ಪ ಅಮ್ಮ ಇದ್ದಾರೆ. ನಮ್ಮ ಶಾಲೆಗೆ ಬರುವ ಮಗುವಿಗೆ ಇರುವುದು ನೀವು ಮಾತ್ರ. ನೀವು ಕೊಡದೇ ಹೋದರೆ ಇನ್ನೆಲ್ಲಿಂದಲೂ ಅದು ಬರುವುದಿಲ್ಲ. ಬಡ ಮಗುವಿನ ಪ್ರತಿಭೆಗೆ ನೀರೆರೆಯುವುದು ಸಮಾನತೆಯ ಕೆಲಸವೇ.

ಆರಿಸಿ ಬೇರೆ ಕಡೆ ಕೂರಿಸುವ ದಾರಿಯನ್ನು ಬಹಳ ಶ್ರದ್ಧೆಯಿಂದ ಹಿಡಿದಿದ್ದ ದೇಶ ಸಿಂಗಪುರ. 1984ರಿಂದ ಅಲ್ಲಿ ಪರೀಕ್ಷೆ ಮಾಡಿ ಸುಮಾರು ನೂರಕ್ಕೆ ಒಬ್ಬ ಮಗುವನ್ನು ಆರಿಸಿ, ಬರಬರುತ್ತಾ ಒಂಬತ್ತು ಪ್ರಾಥಮಿಕ ಶಾಲೆಗಳಲ್ಲಿ ವಿಶೇಷ ತರಗತಿ ನಡೆಸುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಪ್ರಧಾನಿ ಆ ವ್ಯವಸ್ಥೆಯನ್ನು ಆ ರೂಪದಲ್ಲಿ ಮುಂದುವರಿಸುವುದಿಲ್ಲ, ಪ್ರತಿ ಪ್ರಾಥಮಿಕ ಶಾಲೆಯೂ ತನ್ನಲ್ಲಿರುವ ಮಕ್ಕಳಿಗೆ ತಾನೇ ಕಲಿಸಬೇಕು ಎಂದು ಘೋಷಿಸಿದರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆ, ಶಾಲಾ ಸಂಕೀರ್ಣ, ಜಿಲ್ಲಾ ಮಟ್ಟದಲ್ಲಿ ವಿಷಯವಾರು ಮಕ್ಕಳ ಕೂಟಗಳು ಇರಲಿ ಎಂದು ಬರೆದಿತ್ತು. ಆ ನೀತಿಯ ಉಳಿದ ಭಾಗಗಳ ಬಗ್ಗೆ ನಮ್ಮ ನಮ್ಮ ತಕರಾರುಗಳಿರಲಿ, ಈ ಒಂದು ಮಾತನ್ನು ಯಾವ ಪಕ್ಷದ ಸರ್ಕಾರ ಬಂದರೂ ಬಿಡಬೇಕಾಗಿಲ್ಲ.

ಊರಲ್ಲೇ ಉಳಿದು ಓದುವ ಮಗುವಿಗೆ ಇರುವ ಒಂದು ನೆರವನ್ನು ಇಲ್ಲಿ ನೆನಪಿಸುತ್ತೇನೆ. ಎನ್‌ಎಂಎಂಎಸ್ ಪರೀಕ್ಷೆ. ಎಂಟನೆಯ ತರಗತಿಯಲ್ಲಿ ಬರೆಯುವುದು, ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ನವೋದಯ ಮತ್ತು ವಸತಿ ಶಾಲೆಯವರಿಗೆ ಇಲ್ಲ. ಹತ್ತನೆಯ ತರಗತಿಯವರಿಗಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ 2021ರಿಂದ ನಿಂತೇ ಹೋಗಿರುವಾಗ ಇದರ ಬೆಲೆ ಇನ್ನೂ ಹೆಚ್ಚು. ಇದರಲ್ಲಿ ಅರ್ಧದಷ್ಟು, ಅಂದರೆ 90 ಪ್ರಶ್ನೆ, ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ಎಂಟನೆಯ ತರಗತಿಯ ಎರಡು ತಿಂಗಳ ತರಬೇತಿಯಲ್ಲಿ ಅದು ಬರುವುದಿಲ್ಲ. ನಾಲ್ಕರಿಂದಲೇ ಯೋಚಿಸುವ ಲೆಕ್ಕ ಮಾಡಿದ ಮಗುವಿಗೆ ತರಬೇತಿಯೇ ಬೇಡ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಕ್ಲಸ್ಟರಿನ ಮುಂದಿನ ಸಮಾಲೋಚನಾ ಸಭೆಯಲ್ಲಿ ಈ ಮಕ್ಕಳ ವಿಷಯಕ್ಕೆ ಅರ್ಧ ಗಂಟೆ ಇಡಿ ಎಂದು ಸಿಆರ್‌ಪಿಯವರನ್ನು ಕೇಳಿ. ಪ್ರತಿ ಶಾಲೆಯವರೂ ಪಠ್ಯಪುಸ್ತಕದ ಒಂದು ಪಾಠ ಹಿಡಿದು ಅದರಿಂದ ಮುಂದಕ್ಕೆ ಹೋಗುವ ಎರಡು ಪ್ರಶ್ನೆ ಬರೆದು ತನ್ನಿ. ಹತ್ತು ಶಾಲೆ ಸೇರಿದರೆ ಇಪ್ಪತ್ತು ಪ್ರಶ್ನೆ, ವರ್ಷದ ಕೊನೆಗೆ ನಾಲ್ಕರಿಂದ ಏಳರವರೆಗಿನ ಒಂದು ಕಾರ್ಡು ಪೆಟ್ಟಿಗೆ. ಹೆಗ್ಗಡದೇವನಕೋಟೆಯವರು ಶುರು ಮಾಡಿದ್ದೂ ಹೀಗೇ ಕೂತು ಬರೆದು. ಏಳನೆಯ ತರಗತಿ ಮುಗಿಸಿದ ಮಗುವನ್ನು ನಮ್ಮಲ್ಲಿಗೆ ಕಳಿಸುವಾಗ ವರ್ಗಾವಣೆ ಪತ್ರದ ಜೊತೆ ನಿಮ್ಮ ಕೈಬರಹದ ನಾಲ್ಕು ಸಾಲಿನ ಚೀಟಿಯೊಂದನ್ನು ಇಡಿ: ಈ ಮಗುವಿಗೆ ಯಾವುದರಲ್ಲಿ ಆಸಕ್ತಿ, ಎಲ್ಲಿಯವರೆಗೆ ತಾನಾಗಿ ಹೋಗಿದೆ, ಯಾವ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದೆ. ಅಲ್ಲಿಂದ ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ.

ಇತಿ,
ನಿಮ್ಮ ಸಹೋದ್ಯೋಗಿ,
ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ